ಬೆಲೆ ಕಟ್ಟುವವನೇ ಹೊಣೆ ಹೊರಲಿ



ನಮ್ಮೂರ ಬಸ್ ನಿಲ್ಲುವ ಜಾಗದಲ್ಲಿ ಒಂದು ನೆರಳು ಮಾಡಿದ್ದಾರೆ. ನಾಲ್ಕು ಕಬ್ಬಿಣದ ಕಂಬ, ಮೇಲೆ ತಗಡು, ಕೂಡಲಿಕ್ಕೆ ಮೂರು ಸಿಮೆಂಟಿನ ಕಟ್ಟೆ. ಅದರ ಹಣೆಯ ಮೇಲೆ ಉದ್ದಕ್ಕೂ ಒಂದು ಬೋರ್ಡು: ‘ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಸಾರ್ವಜನಿಕರ ಸೇವೆಗೆ’. ಹಾಕಿಸಿದವರ ಹೆಸರು ಇಲ್ಲಿ ಬೇಡ. ಅಂಥ ಬೋರ್ಡು ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನಲ್ಲಿ ಸಾಲೆಯ ಗೋಡೆಗೆ, ನೀರಿನ ಟಾಕಿಗೆ, ದವಾಖಾನೆಯ ಬಾಗಿಲಿಗೆ ಬೇಕಾದಷ್ಟು ಕಾಣಸಿಗುತ್ತವೆ.

ಒಂದು ಬೇಸಿಗೆಯಲ್ಲಿ ಆ ನೆರಳಿನಲ್ಲಿ ನಾವು ಆರು ಮಂದಿ ಕಬ್ಬಿನ ರೈತರು ಕೂತಿದ್ದೆವು. ಎಲ್ಲರ ಕಿಸೆಯಲ್ಲೂ ಕಬ್ಬು ತೂಗಿಸಿದ ಚೀಟಿ ಇದ್ದವು. ಕಬ್ಬು ಕಳಿಸಿ ಎರಡು ತಿಂಗಳು ದಾಟಿತ್ತು, ಒಬ್ಬರ ಖಾತೆಗೂ ದುಡ್ಡು ಬಿದ್ದಿರಲಿಲ್ಲ. ಸೊಸಾಯಿಟಿ ಸಾಲದ ಗಡುವು ಮಾತ್ರ ಯಾರನ್ನೂ ಕಾಯದೆ ಬಂದು ನಿಂತಿತ್ತು. ನಮ್ಮೊಳಗಿನ ಹಿರಿಯರೊಬ್ಬರು ತಲೆ ಎತ್ತಿ ಬೋರ್ಡು ಓದಿ ಹೇಳಿದರು: “ಏನ್ ಚಂದ ಬರಿಸ್ಯಾರೊ ತಮ್ಮಾ! ನಮ್ಮ ರೊಕ್ಕ ತಮ್ಮ ಹಂತೇಕ ಇಟಗೊಂಡು, ನಮ್ಮನ್ನ ತಗಡಿನ ಕೆಳಗ ಕುಂಡ್ರಿಸಿ, ದಾನಾ ಮಾಡೀವಿ ಅಂತ ಬರದಾರಲ್ಲ!”

ನಕ್ಕೆವು. ಆದರೆ ಮನೆಗೆ ಹೋದ ಮೇಲೆ ಆ ಮಾತು ನನ್ನನ್ನು ಮಲಗಗೊಡಲಿಲ್ಲ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಮುಟ್ಟಿದ 14 ದಿನದೊಳಗೆ ಕಾರ್ಖಾನೆ ರೈತನಿಗೆ ದುಡ್ಡು ಕೊಡಬೇಕು. ತಪ್ಪಿದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಕೊಡಬೇಕು. ಅದು ಹೊಣೆ. ಕಾಯ್ದೆಯಲ್ಲಿ ಬರೆದ ಹೊಣೆ. ಆ ಹೊಣೆಗೆ ಯಾವ ಊರಿನಲ್ಲಿ ಬೋರ್ಡು ಇದೆ? ಆ ಬಡ್ಡಿ ಕೇಳದೆ ಎಣಿಸಿಕೊಂಡ ರೈತ ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಕಾಯ್ದೆಯ ಹೊಣೆ ಮರೆತವನು ದಾನದ ಹೊಣೆಗೆ ಬಣ್ಣ ಬಳಿಸುತ್ತಾನೆ ಎಂದರೆ ಅದರಲ್ಲಿ ಏನೋ ಗುಟ್ಟು ಇರಲೇಬೇಕು. ಆ ಗುಟ್ಟು ಬಿಚ್ಚುವುದಕ್ಕೇ ಈ ಲೇಖನ.

ನೂರಕ್ಕೆ ಎರಡರ ಲೆಕ್ಕ

ಮೊದಲು ಈ ನಿಧಿ ಎಲ್ಲಿಂದ ಬಂತು ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಇರುವ ಕಂಪನಿ, ಇಲ್ಲವೆ 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಆಸ್ತಿ ಮೌಲ್ಯ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲು ಸಮಾಜದ ಕೆಲಸಕ್ಕೆ ಹಾಕಬೇಕು. ಸಹಕಾರಿ ಕಾರ್ಖಾನೆಗಳಿಗೆ ಈ ಕಲಮು ಇಲ್ಲ, ಕಂಪನಿಗಳಿಗೆ ಮಾತ್ರ. ಸಾಲೆಗೆ, ಆಸ್ಪತ್ರೆಗೆ, ಕುಡಿಯುವ ನೀರಿಗೆ ಖರ್ಚು ಮಾಡಬಹುದು. ಕೆಟ್ಟ ಕಾಯ್ದೆ ಅಂತ ನಾನು ಹೇಳುವುದಿಲ್ಲ. ಬಂದ ಸಾಲೆಯ ಕೋಣೆಯಲ್ಲಿ ನಮ್ಮ ಮಕ್ಕಳೇ ಕೂಡುತ್ತಾರೆ, ಕೂಡಲಿ.

ಆದರೆ ಲೆಕ್ಕ ಹಾಕಿ ನೋಡ್ರಿ. ತಿಳಿಯುವುದಕ್ಕೆ ಮಾತ್ರ ಒಂದು ಉದಾಹರಣೆ ಹೇಳುತ್ತೇನೆ. ಒಂದು ಕಾರ್ಖಾನೆ ಹಂಗಾಮಿಗೆ 10 ಲಕ್ಷ ಟನ್ ಕಬ್ಬು ನುರಿಸುತ್ತದೆ ಅಂತ ಇಟ್ಟುಕೊಳ್ಳಿ. ಟನ್ನಿಗೆ ಬರೀ 100 ರೂಪಾಯಿ ಕಡಿಮೆ ಕೊಟ್ಟರೆ ರೈತರ ಕೈಯಿಂದ ಹೋಗುವುದು 10 ಕೋಟಿ. ಆ 10 ಕೋಟಿ ಪೂರಾ ಲಾಭದ ಪುಸ್ತಕದಲ್ಲಿ ಬಂತು ಅಂದುಕೊಂಡರೂ ಅದರ ನೂರಕ್ಕೆ ಎರಡು ಎಂದರೆ 20 ಲಕ್ಷ. ಹತ್ತು ಕೋಟಿ ಒಯ್ದು ಇಪ್ಪತ್ತು ಲಕ್ಷದ ನೆರಳು ಕಟ್ಟಿಸಿ, ಅದಕ್ಕೆ ಮಾಲೆ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡರೆ ಅದು ದಾನವೋ, ವ್ಯಾಪಾರವೋ? ಎಮ್ಮೆ ಹೊಡಕೊಂಡು ಹೋದವ ಸಗಣಿ ತಂದು ತಿಪ್ಪೆಗೆ ಹಾಕಿ, ನಿನ್ನ ಹೊಲಕ್ಕ ಗೊಬ್ಬರ ಕೊಟ್ಟೀನಿ ಅಂದಂಗಾತು.

ಇನ್ನೊಂದು ಸೂಕ್ಷ್ಮ ಇದೆ. ತನ್ನ ದುಡಿಯುವ ಜನಕ್ಕೇ ಖರ್ಚು ಮಾಡಿದ ಹಣ ಈ ನಿಧಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಕೆಲಸಗಾರನಿಗೆ ಕೊಡಬೇಕಾದದ್ದು ಕೂಲಿ, ಅದು ದಾನ ಆಗಬಾರದು ಎಂಬುದು ನಿಯಮದ ಉದ್ದೇಶ. ಸರಿಯೇ ಇದೆ. ಆದರೆ ಜನ ಇದನ್ನು ಹೇಗೆ ತಿರುಗಿಸಿಕೊಂಡಿದ್ದಾರೆ ನೋಡಿ: ಹೊಣೆ ಎಂದರೆ ಲಾಭ ಗಳಿಸಿದ ಮೇಲೆ ಹಂಚುವ ಪ್ರಸಾದ, ಲಾಭ ಹೇಗೆ ಗಳಿಸಿದಿರಿ ಎಂದು ಯಾರೂ ಕೇಳಬಾರದು. ನಾವು ಕೇಳಬೇಕಾದದ್ದು ಅದನ್ನೇ.

ಒಂದು ಅಂಗಿಯ ದಾರಿ

ಈ ಹೊಣೆಗಾರಿಕೆಯ ಮಾತು ನಮ್ಮ ದೇಶದ ಕಾಯ್ದೆಗಿಂತ ಹಳೆಯದು. ಅಮೆರಿಕ, ಯುರೋಪಿನ ದೊಡ್ಡ ಬ್ರಾಂಡುಗಳು 1990ರ ದಶಕದಿಂದ ಈ ಮಾತು ಆಡುತ್ತ ಬಂದಿವೆ. ಇವರ ವ್ಯವಹಾರದ ಮರ್ಮ ಇಷ್ಟೇ. ಅಂಗಡಿ ಅವರದು, ಹೆಸರು ಅವರದು, ಜಾಹೀರಾತು ಅವರದು. ಹೊಲಿಗೆ ಮಾತ್ರ ಬೇರೆಯವರದು. ಢಾಕಾದಲ್ಲಿ, ಕರಾಚಿಯಲ್ಲಿ, ತಿರುಪ್ಪೂರಿನಲ್ಲಿ, ನಮ್ಮ ಬೆಂಗಳೂರಿನಲ್ಲಿ ಹೊರಗುತ್ತಿಗೆ ಕೊಡುತ್ತಾರೆ. ಇಂಥ ದಿನ, ಇಂಥ ಬೆಲೆಗೆ, ಇಷ್ಟು ಅಂಗಿ ಬೇಕು ಅಂತ ಹೇಳುತ್ತಾರೆ. ಒಲ್ಲೆ ಅಂದರೆ ಬಾಜೂ ದೇಶದವನ ಹತ್ತಿರ ಹೋಗುತ್ತಾರೆ. ಬೆಲೆ ಕಟ್ಟುವವರು ಅವರು, ಆದರೆ ಕಾರ್ಖಾನೆ ಅವರದಲ್ಲ, ಕೆಲಸಗಾರರು ಅವರವರಲ್ಲ. ಹಾಗಾಗಿ ಹೊಣೆ ಅವರದಲ್ಲ.

ನಮ್ಮ ಅಜ್ಜಂದಿರ ಕಾಲ ಹಾಗಿರಲಿಲ್ಲ. ಗೋಕಾಕ ಫಾಲ್ಸಿನ ಗಿರಣಿ 1887ರಲ್ಲಿ ಸುರುವಾದದ್ದು. ಅಲ್ಲಿಯ ಒಡೆಯರೂ ಪುಣ್ಯವಂತರೇನಲ್ಲ, ಬಂಡವಾಳಗಾರರೇ. ಆದರೂ ಕೂಲಿ ಕಡಿಮೆ ಆದರೆ ಕೆಲಸಗಾರ ಯಾವ ಬಾಗಿಲ ಮುಂದೆ ನಿಲ್ಲಬೇಕು ಅನ್ನುವುದು ಗೊತ್ತಿತ್ತು. ಈಗ ಬಾಗಿಲೇ ಇಲ್ಲ. ಬೆಲೆ ಕಟ್ಟುವ ಬಾಗಿಲು ಏಳು ಸಮುದ್ರದ ಆಚೆ ಇದೆ.

ಒಂದು ಅಂಗಿಗೆ ಸುಮಾರು ಕಾಲು ಕಿಲೋ ಅರಳೆ ಬೇಕು. ಅಷ್ಟು ಅರಳೆಗೆ ಬೀಜ ಸಹಿತ ಮುಕ್ಕಾಲು ಕಿಲೋ ಹತ್ತಿ ಬೇಕು. 2025-26ರಲ್ಲಿ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 8,110 ರೂಪಾಯಿ. ಲೆಕ್ಕ ಹಾಕಿದರೆ ಒಂದು ಅಂಗಿಯೊಳಗೆ ರೈತನ ಪಾಲು ಅರವತ್ತು ರೂಪಾಯಿ, ಅದೂ ಬೆಂಬಲ ಬೆಲೆ ಸಿಕ್ಕರೆ. ಅದೇ ಅಂಗಿ ಪರದೇಶದ ಅಂಗಡಿಯಲ್ಲಿ ಎರಡು-ಎರಡೂವರೆ ಸಾವಿರಕ್ಕೆ ಹೋಗುತ್ತದೆ. ನಡುವೆ ಹೊಲಿದವಳ ಪಾಲು ಎಷ್ಟು? ಅದನ್ನು ಕೇಳಿದರೆ ಕತೆ ಸುರುವಾಗುತ್ತದೆ.

ನಮ್ಮ ಓಣಿಯ ಹುಡುಗಿಯೊಬ್ಬಳು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ಹೊಲಿದಳು. ಅಪ್ಪನ ಎರಡು ಎಕರೆ ಬೋರ್‌ವೆಲ್ ಸಾಲಕ್ಕೆ ಅಡವಿತ್ತು, ಅದಕ್ಕೇ ಹೋದವಳು. ಜಾತ್ರೆಗೆ ಬಂದಾಗ ಕೇಳಿದೆ, “ಅಲ್ಲಿ ತಪಾಸಣಿ ಮಾಡವ್ರು ಬರೂದಿಲ್ಲೇನವಾ?” “ಬರ್ತಾರ ಕಾಕಾ. ಹಿಂದಿನ ದಿನಾನ ಗೊತ್ತಾಗತೈತಿ. ಅವತ್ತ ಸಂಡಾಸ ತೊಳಸ್ತಾರ, ಕುಡಿಯೂ ನೀರಿಂದ ಹೊಸಾ ಕ್ಯಾನ್ ಇಡ್ತಾರ. ಓವರ್‌ಟೈಮ್ ಎಷ್ಟ ಅಂತ ಕೇಳಿದ್ರ ಹಿಂಗ ಹೇಳ್ರಿ ಅಂತ ಸೂಪರ್‌ವೈಸರ್ ಕಲಿಸಿರ್ತಾನ. ಅವರು ಹ್ವಾದ ಮರುದಿನ ಕ್ಯಾನ್ ಸುದ್ದಾ ಇರೂದಿಲ್ಲ.” ನಮ್ಮ ಕನ್ನಡ ಸಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ಮಾಸ್ತರು ನಮಗೆ ಹಲ್ಲು ತಿಕ್ಕಿಸುತ್ತಿದ್ದುದು ನನಗೆ ನೆನಪಾಯಿತು. ವ್ಯತ್ಯಾಸ ಇಷ್ಟೇ: ನಮ್ಮ ಹಲ್ಲಿನಿಂದ ಯಾರ ಜೀವವೂ ಹೋಗುತ್ತಿರಲಿಲ್ಲ.

ತಪಾಸಣೆಯ ಕಾಗದದಿಂದ ಜೀವ ಹೋಗುತ್ತದೆ. 2012ರ ಸೆಪ್ಟೆಂಬರ್ 11ರಂದು ಕರಾಚಿಯ ಅಲಿ ಎಂಟರ್‌ಪ್ರೈಸಸ್ ಎಂಬ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. 250ಕ್ಕೂ ಹೆಚ್ಚು ಮಂದಿ ಒಳಗೇ ಸುಟ್ಟುಹೋದರು. ಆ ಕಾರ್ಖಾನೆಗೆ ಮೂರೇ ವಾರದ ಹಿಂದೆ ಅಂತರರಾಷ್ಟ್ರೀಯ ಸಾಮಾಜಿಕ ಹೊಣೆಗಾರಿಕೆಯ ಪ್ರಮಾಣಪತ್ರ ಸಿಕ್ಕಿತ್ತು! ಅದರ ಮುಖ್ಯ ಗಿರಾಕಿ ಜರ್ಮನಿಯ ಕಿಕ್ ಎಂಬ ಕಂಪನಿ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಮಂದಿ ಸತ್ತರು. ಗೋಡೆ ಬಿರುಕು ಬಿಟ್ಟದ್ದನ್ನು ಹಿಂದಿನ ದಿನವೇ ಎಲ್ಲರೂ ನೋಡಿದ್ದರು. ಆದರೂ ಕೆಲಸಗಾರರನ್ನು ಒಳಗೆ ಕಳಿಸಿದರು. ಆ ಕಟ್ಟಡದೊಳಗಿನ ಕಾರ್ಖಾನೆಗಳಲ್ಲಿ ಎರಡು ಯುರೋಪಿನ ಹೊಣೆಗಾರಿಕೆ ನಿಯಮದ ತಪಾಸಣೆ ಆದವುಗಳೇ. ಕಾಗದ ಗಟ್ಟಿಯಿತ್ತು, ಕಂಬ ಗಟ್ಟಿಯಿರಲಿಲ್ಲ.

ದಿನಕ್ಕೆ ಹದಿನಾರು ರೂಪಾಯಿ

ಅದು ಪರದೇಶದ ಮಾತು ಅನ್ನಬೇಡಿ. ನಮ್ಮ ರಾಜ್ಯದ್ದೇ ಕೇಳಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸಗಾರರಿಗೆ ತುಟ್ಟಿಭತ್ತೆ ತಿಂಗಳಿಗೆ 417 ರೂಪಾಯಿ ಹೆಚ್ಚಾಗಬೇಕಿತ್ತು. ವರ್ಷಾ ವರ್ಷ ಬೆಲೆ ಏರಿದ ಹಾಗೆ ಏರುವ ಕನಿಷ್ಠ ಕೂಲಿಯ ಭಾಗ ಅದು. ಮಾಲೀಕರು ಒಲ್ಲೆವೆಂದರು. ಸರಕಾರ ಒಂದು ವರ್ಷ ಮುಂದೂಡಿ ಆದೇಶ ಹೊರಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಆ ಆದೇಶವನ್ನು ತಡೆಯಿತು. ಆದರೂ ಕೊಡಲಿಲ್ಲ. 4 ಲಕ್ಷಕ್ಕೂ ಹೆಚ್ಚು ಕೆಲಸಗಾರರು, ಬಹುಪಾಲು ಹೆಣ್ಣುಮಕ್ಕಳು, ಬಹುಪಾಲು ನಮ್ಮಂಥ ಹಳ್ಳಿಗಳಿಂದ ಹೋದವರು. ಇಪ್ಪತ್ತಾರು ದಿನದ ಲೆಕ್ಕ ಹಿಡಿದರೆ ಅವರಿಗೆ ತಪ್ಪಿದ್ದು ದಿನಕ್ಕೆ ಹದಿನಾರು ರೂಪಾಯಿ. ಒಂದು ಚಹಾದ ರೊಕ್ಕ!

ಆ ಕಾರ್ಖಾನೆಗಳಿಂದ ಬಟ್ಟೆ ಒಯ್ಯುತ್ತಿದ್ದ ಜಗತ್ತಿನ ದೊಡ್ಡ ದೊಡ್ಡ ಬ್ರಾಂಡುಗಳ ಪುಸ್ತಕದಲ್ಲಿ ಒಂದು ನಿಯಮ ಇದ್ದೇ ಇತ್ತು: ನಮಗೆ ಮಾಲು ಕೊಡುವವರು ಆಯಾ ದೇಶದ ಕನಿಷ್ಠ ಕೂಲಿ ಕೊಡಬೇಕು. ಚಂದದ ನಿಯಮ. ಸುಮಾರು ಎರಡು ವರ್ಷ ಆ ನಿಯಮ ಪುಸ್ತಕದಲ್ಲೇ ಮಲಗಿತ್ತು. ಸಂಘಗಳು ಕೂಗಿದ ಮೇಲೆ, ವಾಷಿಂಗ್ಟನ್ನಿನ ಕೆಲಸಗಾರರ ಹಕ್ಕಿನ ಸಂಸ್ಥೆಯೊಂದು ವಿಷಯವನ್ನು ಪರದೇಶದ ಪತ್ರಿಕೆಗಳಿಗೆ ಮುಟ್ಟಿಸಿದ ಮೇಲೆ, ಬ್ರಾಂಡುಗಳಿಗೆ ಮುಖ ತೋರಿಸುವುದು ಕಷ್ಟ ಆಯಿತು. 2022ರ ಆರಂಭದಲ್ಲಿ ಅತಿ ದೊಡ್ಡ ರಫ್ತುದಾರರಾದ ಶಾಹಿ ಎಕ್ಸ್‌ಪೋರ್ಟ್ಸ್ ಭತ್ತೆಯನ್ನೂ ಬಾಕಿಯನ್ನೂ ಕೊಡಲು ಒಪ್ಪಿತು. ಹೊಣೆಗಾರಿಕೆಯ ಪುಸ್ತಕ ತಾನಾಗಿ ಹದಿನಾರು ರೂಪಾಯಿ ಕೊಡಿಸಲಿಲ್ಲ. ಕೂಗಿದವರು ಕೊಡಿಸಿದರು.

ಕೋಲಾರ ಜಿಲ್ಲೆಯ ನರಸಾಪುರದ ಕತೆಯೂ ಇದೇ. ಆಪಲ್ ಕಂಪನಿಯ ಫೋನು ಜೋಡಿಸಲು ತೈವಾನಿನ ವಿಸ್ಟ್ರಾನ್ ಅಲ್ಲಿ ಕಾರ್ಖಾನೆ ಹಾಕಿತು. ವಿಸ್ಟ್ರಾನ್ ಹುಡುಗರನ್ನು ತಾನೇ ತೆಗೆದುಕೊಂಡದ್ದು ಕಡಿಮೆ, ಆರು ಗುತ್ತಿಗೆ ಏಜೆನ್ಸಿಗಳ ಮೂಲಕ ತೆಗೆದುಕೊಂಡದ್ದೇ ಹೆಚ್ಚು. ಹೇಳಿದ ಪಗಾರಕ್ಕಿಂತ ಕಡಿಮೆ ಕೊಟ್ಟರು, ಹನ್ನೆರಡು ತಾಸು ದುಡಿಸಿದರು ಎಂದು ಹುಡುಗರ ದೂರು. ಯಾರನ್ನು ಕೇಳಬೇಕು? ಏಜೆನ್ಸಿಯವ ವಿಸ್ಟ್ರಾನ್ ತೋರಿಸುತ್ತಾನೆ, ವಿಸ್ಟ್ರಾನ್ ಏಜೆನ್ಸಿ ತೋರಿಸುತ್ತದೆ, ಆಪಲ್ ಅಮೆರಿಕದಲ್ಲಿದೆ. 2020ರ ಡಿಸೆಂಬರ್ 12ರ ಬೆಳಗ್ಗೆ ಸಿಟ್ಟು ಕಟ್ಟೆ ಒಡೆದು ಗಾಜು, ಯಂತ್ರ, ಗಾಡಿ ಪುಡಿಯಾದವು. ಒಡೆಯುವುದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಒಂದೇ ವಾರದಲ್ಲಿ ಆಪಲ್ ಕಂಪನಿಯೇ ತನ್ನ ನಿಯಮ ಮುರಿದದ್ದು ಹೌದು ಎಂದು ಒಪ್ಪಿ, ಹೊಸ ಕೆಲಸ ಕೊಡುವುದಿಲ್ಲ ಎಂದು ವಿಸ್ಟ್ರಾನಿಗೆ ಹೇಳಿತು. ಡಿಸೆಂಬರ್ 12ರ ಮೊದಲು ಆ ನಿಯಮ ಎಲ್ಲಿ ನಿದ್ದೆ ಹೊಡೆಯುತ್ತಿತ್ತು? 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಗೆ ಹೋಯಿತು. ಹುಡುಗರ ಮೇಲಿನ ಕೇಸುಗಳು ಕೋರ್ಟಿನ ಪಾಲಾದವು.

ಇದು ನಮಗೆ ಯಾಕೆ?

“ಗಾರ್ಮೆಂಟ್ಸ್, ಫೋನು, ನಮಗ್ಯಾಕ್ರಿ ಇದರ ಉಸಾಬರಿ? ನಾವು ಭೂಮಿ ಇದ್ದವರು” ಎಂದು ಕೇಳುವವರು ಇದ್ದಾರೆ. ಅವರಿಗೆ ನನ್ನ ಉತ್ತರ: ಭೂಮಿ ನಮ್ಮದು, ಆದರೆ ನಾವೂ ಹೊರಗುತ್ತಿಗೆಯವರೇ. ತಂಪು ಪಾನೀಯದ ಕಂಪನಿ ಸಕ್ಕರೆಯನ್ನು ಕಾರ್ಖಾನೆಯಿಂದ ಕೊಳ್ಳುತ್ತದೆ, ಕಾರ್ಖಾನೆ ಕಬ್ಬನ್ನು ನಮ್ಮಿಂದ ಕೊಳ್ಳುತ್ತದೆ. ಢಾಕಾದ ಕಾರ್ಖಾನೆಯವನ ಹಾಗೇ ನಾವು ಬಂಡವಾಳ ಹಾಕುತ್ತೇವೆ, ಸಾಲ ಮಾಡುತ್ತೇವೆ, ಮಳೆಗೆ ಅಂಜುತ್ತೇವೆ, ಕೊನೆಗೆ ಅವರು ಕಟ್ಟಿದ ಬೆಲೆಗೆ ತಲೆಬಾಗುತ್ತೇವೆ.

ಬೀಜದ ಕಂಪನಿಗಳ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ನಮ್ಮ ರಾಣೆಬೆನ್ನೂರು, ಕುಷ್ಟಗಿ ಕಡೆಯ ರೈತರು, ಆಗಿನ ಆಂಧ್ರದ ಕರ್ನೂಲು, ಮೆಹಬೂಬನಗರದ ರೈತರು ಕಂಪನಿಗಳಿಗೆ ಹೈಬ್ರಿಡ್ ಹತ್ತಿ ಬೀಜ ಬೆಳೆದುಕೊಡುತ್ತಾರೆ. ಒಂದೊಂದು ಹೂವನ್ನೂ ಕೈಯಿಂದ ಬಿಡಿಸಿ ಕ್ರಾಸಿಂಗ್ ಮಾಡಬೇಕು. ಆ ಕೆಲಸಕ್ಕೆ ಸಾಲೆ ಬಿಡಿಸಿದ ಸಣ್ಣ ಹುಡುಗಿಯರನ್ನು ಹಚ್ಚುತ್ತಿದ್ದರು. 2003ರಲ್ಲಿ ಆಂಧ್ರದ ಹೊಲಗಳ ಬಗ್ಗೆ ದಾವುಲೂರಿ ವೆಂಕಟೇಶ್ವರಲು ಅವರ ಅಧ್ಯಯನ ಇದನ್ನು ಜಗತ್ತಿಗೆ ತೋರಿಸಿತು. ಕಂಪನಿಗಳು ಏನಂದವು? ಹೊಲ ನಮ್ಮದಲ್ಲ, ರೈತ ಮಾಡಿದ ತಪ್ಪು ಅಂದವು. ರೈತ ಏನಂದ? ನೀವು ಕೊಡುವ ಬೆಲೆಯಲ್ಲಿ ದೊಡ್ಡವರ ಕೂಲಿ ಹೊರುವುದಿಲ್ಲ ಅಂದ. 2005ರ ಇನ್ನೊಂದು ಅಧ್ಯಯನ ಆ ಗಂಟನ್ನೇ ಬಿಚ್ಚಿತು: ಕಂಪನಿ ಕೊಡುವ ಬೀಜದ ಬೆಲೆಗೂ ಮಕ್ಕಳ ದುಡಿಮೆಗೂ ನೇರ ನಂಟಿದೆ. ಆಮೇಲೆ ಬಾಯರ್, ಮೊನ್ಸಾಂಟೊ ಕಂಪನಿಗಳು ಮಕ್ಕಳನ್ನು ಹಚ್ಚದ ರೈತನಿಗೆ ನೂರಕ್ಕೆ 5 ಹೆಚ್ಚು ಬೆಲೆ ಕೊಡಲು ಒಪ್ಪಿದವು. ಷರತ್ತಿನ ಜೊತೆ ಬೆಲೆಯೂ ಸೇರಿದ ಹೊಲಗಳಲ್ಲಿ ಮಕ್ಕಳು ಕಡಿಮೆ ಆದರು. ಐದು ಸಾಲದು, ಅದು ಬೇರೆ ಮಾತು. ಆದರೆ ದಾರಿ ಕಂಡಿತಲ್ಲ? ಬೆಲೆ ಇಲ್ಲದ ಹೊಣೆ ಬರೀ ಬೈಗುಳ. ಬೆಲೆ ಸೇರಿದರೆ ಮಾತ್ರ ಅದು ಹೊಣೆ.

ನಮ್ಮ ಬೆನ್ನೂ ನೋಡಿಕೊಳ್ಳೋಣ

ಇನ್ನು ಮುಂದಿನ ಮಾತು ಕೆಲವರಿಗೆ ಸೇರಲಿಕ್ಕಿಲ್ಲ. ಆದರೂ ಹೇಳಲೇಬೇಕು.

2025ರ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರದ ತನಕ ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ರೈತರು ಹಗಲು ರಾತ್ರಿ ಕೂತರು. ಟನ್ನಿಗೆ 3,500 ರೂಪಾಯಿ ಕೊಡಿ ಎಂದರು. ನವೆಂಬರ್ 7ರಂದು ಸರಕಾರ 3,300 ಎಂದು ಸಾರಿತು, ಅದರಲ್ಲಿ 50 ರೂಪಾಯಿ ಸರಕಾರದ್ದು. ಕೇಳಿದಷ್ಟು ಸಿಗಲಿಲ್ಲ, ಆದರೂ ನಮ್ಮ ಕೂಗಿಗೆ ಬೆಂಗಳೂರು ಎದ್ದು ಕೂತಿತು. ಅದು ಹೆಮ್ಮೆ.

ಆ ಹಂಗಾಮಿನಲ್ಲಿ ನನ್ನ ನಾಲ್ಕು ಎಕರೆ ಕಬ್ಬು ಕಡಿಯಲು ಗ್ಯಾಂಗ್ ಬಂತು. ಬೀಡ ಜಿಲ್ಲೆಯ ಕಡೆಯವರು. ಗಂಡ-ಹೆಂಡತಿ ಜೋಡಿ, ಕೂಸುಗಳನ್ನೂ ಕಟ್ಟಿಕೊಂಡು ಬಂದವರು. ಬೆಳಗಿನ ನಾಲ್ಕಕ್ಕೆ ಗದ್ದೆಯಲ್ಲಿ ಕುಡಗೋಲಿನ ಸಪ್ಪಳ. ಮೂರನೆಯ ದಿನ ಒಬ್ಬ ಹೆಣ್ಣುಮಗಳು ಹೊರೆ ಇಳಿಸಿ ಬದುವಿನ ಮೇಲೆ ಕೂತುಬಿಟ್ಟಳು. ಮೈ ಕೆಂಡ ಆಗಿತ್ತು. ಒಂದು ದಿನ ಮಲಗವಾ ಎಂದೆ. “ಮಲಗಿದ್ರ ಮುಕಾದಮ ಖಾಡಾ ಹಾಕ್ತಾನ್ರಿ ಮಾಲಕ್ರ” ಅಂದಳು. ಖಾಡಾ ಎಂದರೆ ಕೆಲಸ ತಪ್ಪಿಸಿದ ದಿನದ ದಂಡ, ಮೊದಲೇ ತೆಗೆದುಕೊಂಡ ಮುಂಗಡದ ಸಾಲಕ್ಕೆ ಸೇರುತ್ತದೆ. ನಾನು ಮುಕಾದಮನನ್ನು ಕೇಳಿದೆ. ಅವ ಕಾರ್ಖಾನೆ ತೋರಿಸಿದ. ಕಾರ್ಖಾನೆಯ ಚೀಟಿಮಾಸ್ತರ ಮುಕಾದಮನನ್ನೇ ತೋರಿಸಿದ. ನಾನೂ ಆಗ ಮನಸ್ಸಿನಲ್ಲಿ ಅಂದುಕೊಂಡೆ: ಇವರು ನಾ ಕರೆತಂದ ಆಳುಗಳಲ್ಲ, ನನ್ನ ಹೊಣೆ ಅಲ್ಲ.

ಅಂದುಕೊಂಡ ಗಳಿಗೆಯಲ್ಲೇ ನಾಚಿಕೆ ಆಯಿತು. ಇದೇ ಮಾತನ್ನಲ್ಲವೇ ಕಿಕ್ ಕಂಪನಿ ಕರಾಚಿಗೆ ಹೇಳಿದ್ದು? ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ಮುರಿಯುವುದು ಯಾರ ಬಿಲ್ಲಿನಲ್ಲಿ? ನನ್ನ ಬಿಲ್ಲಿನಲ್ಲಿ. ರೊಕ್ಕ ನನ್ನದು, ಗದ್ದೆ ನನ್ನದು, ಆ ಹೆಣ್ಣುಮಗಳು ಮಾತ್ರ ಯಾರವಳೂ ಅಲ್ಲ!

2019ರಲ್ಲಿ ಮಹಾರಾಷ್ಟ್ರ ಸರಕಾರ ನೀಲಂ ಗೋರ್ಹೆಯವರ ಕೈಕೆಳಗೆ ಒಂದು ಸಮಿತಿ ಮಾಡಿತು. ಬೀಡ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಸಮೀಕ್ಷೆ ನಡೆಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ಮುಟ್ಟಿನ ನೋವಿಗೆ ಕೆಲಸ ತಪ್ಪಿದರೆ ದಂಡ, ಸಾಲ ತೀರುವುದಿಲ್ಲ. ಖಾಸಗಿ ಡಾಕ್ಟರು ಕೊಯ್ಯುತ್ತಾನೆ, ಅದಕ್ಕೂ ಸಾಲವೇ. 2024ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಮಹಾರಾಷ್ಟ್ರದ ಈ ಸಕ್ಕರೆ ಕೋಕಾ-ಕೋಲಾ, ಪೆಪ್ಸಿ ಕಂಪನಿಗಳಿಗೆ ಹೋಗುವ ದಾರಿಯನ್ನು ಬಿಡಿಸಿ ಬರೆಯಿತು. ಆ ಕಂಪನಿಗಳಿಗೂ ಹೊಣೆಗಾರಿಕೆಯ ದಪ್ಪ ದಪ್ಪ ಪುಸ್ತಕ ಇವೆ. ಆ ಹೆಣ್ಣುಮಕ್ಕಳ ಹಾಗೆಯೇ ದುಡಿಯುವವರು ನಮ್ಮ ಘಟಪ್ರಭಾ ದಂಡೆಯ ಗದ್ದೆಯಲ್ಲೂ ಕುಡಗೋಲು ಹಿಡಿಯುತ್ತಾರೆ.

“ನಮಗ ಬೆಲಿ ಇಲ್ಲ, ಅವರಿಗೆ ಎಲ್ಲಿಂದ ಕೊಡೂಣು?” ಎನ್ನುತ್ತೀರಿ. ಹೌದು, ನಿಜ. ಬೆಂಗಳೂರಿನ ಗಾರ್ಮೆಂಟ್ಸ್ ಮಾಲೀಕನೂ ಇದೇ ಮಾತು ಹೇಳುತ್ತಾನೆ, ಅವನ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಮೇಲಿನವ ಹಿಂಡಿದಾಗ ನಡುವಿನವನಿಗೆ ಎರಡು ದಾರಿ. ಒಂದು, ಹಿಂಡಿದ್ದನ್ನು ಕೆಳಗಿನವರ ಮೇಲೆ ಹಾಕುವುದು. ಇನ್ನೊಂದು, ಕೆಳಗಿನವರನ್ನು ಕರೆದುಕೊಂಡು ಮೇಲಿನವನ ಬಾಗಿಲಿಗೆ ಹೋಗುವುದು. ಗಾರ್ಮೆಂಟ್ಸ್ ಮಾಲೀಕರು ಮೊದಲನೆಯ ದಾರಿ ಹಿಡಿದರು, ಹದಿನಾರು ರೂಪಾಯಿ ನುಂಗಿದರು. ರೈತ ಚಳವಳಿ ಅದೇ ದಾರಿ ಹಿಡಿದರೆ ನಮಗೂ ಅವರಿಗೂ ಏನು ಫರಕು? ಕಳೆ ತೆಗೆಯುವ ಹೆಂಗಸರ ಕೂಲಿ ಕಟ್ಟುವವರು ನಾವೇ ಅಲ್ಲವೇ? ಅಲ್ಲಿ ಬೆಲೆ ಕಟ್ಟುವವರು ನಾವಾದರೆ ಹೊಣೆಯೂ ನಮ್ಮದೇ. ನಿಯಮ ಒಂದೇ ಇರಬೇಕು, ಆಪಲ್ ಕಂಪನಿಗೆ ಒಂದು, ಅರಭಾವಿಯ ಕಮತಕ್ಕೆ ಒಂದು ಆಗಬಾರದು.

ಏನು ಕೇಳಬೇಕು

ಢಾಕಾದ ಹೆಣದ ರಾಶಿಯ ಮೇಲೆ ಒಂದು ಪಾಠ ಹುಟ್ಟಿತು. 2013ರ ಮೇ ತಿಂಗಳಲ್ಲಿ ಬ್ರಾಂಡುಗಳೂ ಕೆಲಸಗಾರರ ಸಂಘಗಳೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ಕೋರ್ಟಿಗೆ ಒಯ್ಯಬಹುದಾದ ಕರಾರು ಅದು. ಬ್ರಾಂಡು ಒಬ್ಬರೇ ಬರೆದುಕೊಂಡ ಪುಸ್ತಕ ಉಳಿಸದ ಜೀವಗಳನ್ನು ಈ ಕರಾರು ಉಳಿಸಿತು. ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳ ಕಂಬ, ತಂತಿ, ಬಾಗಿಲು ರಿಪೇರಿ ಆದವು. ಫ್ರಾನ್ಸ್ 2017ರಲ್ಲಿ ಕಾಯ್ದೆ ಮಾಡಿತು, ಜರ್ಮನಿ 2021ರಲ್ಲಿ ಮಾಡಿ 2023ರಿಂದ ಜಾರಿಗೆ ತಂದಿತು: ನಿನಗೆ ಮಾಲು ಕೊಡುವವನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೆ ನೀನೂ ಉತ್ತರ ಹೇಳಬೇಕು ಎಂದು. ಆ ಕಾಯ್ದೆಗಳನ್ನು ಸಡಿಲ ಮಾಡಿಸಲು ಅಲ್ಲಿಯ ಬಂಡವಾಳಗಾರರು ಗುದ್ದಾಡುತ್ತಿದ್ದಾರೆ. ಅಂದರೆ ಅದರಲ್ಲಿ ಹಲ್ಲು ಇದೆ ಅಂತಾಯಿತು. ಹಲ್ಲಿಲ್ಲದ ಪುಸ್ತಕಕ್ಕೆ ಯಾರೂ ಅಂಜುವುದಿಲ್ಲ.

ಹಾಗಾಗಿ ನಮ್ಮ ಊರಿನ ಸಭೆಗಳಲ್ಲಿ ಈ ನಾಲ್ಕು ಮಾತು ಆಗಲಿ.

ಒಂದು: ಯಾವ ಕಾರ್ಖಾನೆಯವರು ಸಾಲೆಗೆ, ಜಾತ್ರೆಗೆ, ನೆರಳಿಗೆ ದೇಣಿಗೆ ಎಂದು ಬಂದರೂ ಮೊದಲು 14 ದಿನದ ಲೆಕ್ಕ ಕೇಳಿ. ಬಾಕಿಯೂ ಬಡ್ಡಿಯೂ ತೀರಿದ ಮೇಲೆ ಮಾಲೆ ಹಾಕೋಣ.

ಎರಡು: ನಮ್ಮ ಸಕ್ಕರೆ ಯಾವ ಕಂಪನಿಗೆ, ಯಾವ ಬೆಲೆಗೆ ಹೋಗುತ್ತದೆ ಎಂಬುದನ್ನು ಕಾರ್ಖಾನೆ ರೈತರ ಮುಂದೆ ಇಡಲಿ. ಬೆಲೆ ಕಟ್ಟುವವನ ಹೆಸರು ಗೊತ್ತಾಗದೆ ಹೊಣೆ ಯಾರ ಹೆಗಲಿಗೆ ಹಾಕುವುದು?

ಮೂರು: ಮುಂದಿನ ಸಲ ಕಬ್ಬಿನ ಬೆಲೆಗೆ ಕೂತಾಗ ಕಡಿಯುವವರ ಕೂಲಿ, ಅವರ ಕುಡಿಯುವ ನೀರು, ಔಷಧ, ಮಕ್ಕಳ ಸಾಲೆ, ಖಾಡಾ ರದ್ದು, ಇವನ್ನೂ ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಬರೆಯೋಣ. ನಮ್ಮ ಬಿಲ್ಲಿನಿಂದ ಮುರಿಯಬಾರದು, ಕಾರ್ಖಾನೆಯ ಖಜಾನೆಯಿಂದ ಬರಬೇಕು.

ನಾಲ್ಕು: ಬೆಂಗಳೂರಿನಲ್ಲಿ ಹೊಲಿಯುವ ನಮ್ಮ ಹೆಣ್ಣುಮಕ್ಕಳು ಧರಣಿ ಕೂತರೆ ಅದು ಪೇಟೆಯವರ ಗಲಾಟೆ ಅನ್ನಬೇಡಿ. ಅವರು ಕಳಿಸುವ ರೊಕ್ಕದಲ್ಲೇ ನಮ್ಮ ಎಷ್ಟೋ ಮನೆಯ ಸೊಸಾಯಿಟಿ ಕಂತು ತುಂಬಿದೆ.

ನಾನು ಹೈಸ್ಕೂಲು ಮುಗಿಸಿ ನೇಗಿಲು ಹಿಡಿದವ. ದೊಡ್ಡ ಅರ್ಥಶಾಸ್ತ್ರ ನನಗೆ ಗೊತ್ತಿಲ್ಲ. ಗೊತ್ತಿರುವುದು ಒಂದೇ: ತಕ್ಕಡಿ ಹಿಡಿದವನ ಕೈ ನೋಡಬೇಕು, ಬಾಯಿ ಅಲ್ಲ. ಅವನ ಬಾಯಿ ಹೊಣೆ, ಸೇವೆ, ಸಮಾಜ ಅನ್ನುತ್ತದೆ. ಕೈ ಬೆಲೆ ಇಳಿಸುತ್ತದೆ.

ಆ ಹೆಣ್ಣುಮಗಳನ್ನು ನಾನು ಮರುದಿನ ಘಟಪ್ರಭಾಕ್ಕೆ ಕರೆದುಕೊಂಡು ಹೋಗಿ ದವಾಖಾನೆಗೆ ತೋರಿಸಿದೆ. ಮುಕಾದಮನ ಜೊತೆ ಜಗಳ ಆಡಿ ಎರಡು ದಿನದ ಖಾಡಾ ಬಿಡಿಸಿದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಎರಡು ದಿನ ಬಿಡಿಸಿದೆ, ಉಳಿದ ನಾಲ್ಕು ತಿಂಗಳು ಅವಳು ಬೇರೆಯವರ ಗದ್ದೆಯಲ್ಲಿದ್ದಳು. ನಾನು ಮಾಡಿದ್ದೂ ಒಂದು ತಗಡಿನ ನೆರಳೇ. ಬೋರ್ಡು ಹಚ್ಚಲಿಲ್ಲ, ಅಷ್ಟೇ. ಒಬ್ಬೊಬ್ಬರ ಕರುಣೆಯಿಂದ ಮುಗಿಯುವ ಕೆಲಸ ಇದಲ್ಲ, ಸಂಘದಿಂದ ಆಗಬೇಕಾದದ್ದು.

ಹೊಣೆಯ ಬೋರ್ಡು ಸಾಕು, ಬೆವರಿನ ಬೆಲೆ ಬೇಕು. ಬೆಲೆ ಕಟ್ಟುವವನೇ ಹೊಣೆ ಹೊರಲಿ. ಅವ ಅಮೆರಿಕದಲ್ಲಿರಲಿ, ಕಾರ್ಖಾನೆಯ ಗೇಟಿನೊಳಗಿರಲಿ, ನಮ್ಮ ಮನೆಯ ಪಡಸಾಲೆಯಲ್ಲೇ ಇರಲಿ.